ಮಲ್ಲೇಶ್ವರಂನ ಮಾರುಕಟ್ಟೆಯೂ ಕಾಯಿಪಲ್ಯದ ಬೆಳೆಗಾರನೂ: ಕಿರು ತೋಟಗಾರಿಕೆ ಮತ್ತು ಗ್ರಾಮೀಣ ಬಡತನ

ಬೆಂಗಳೂರಿನ ಮಲ್ಲೇಶ್ವರಂ ಬಡಾವಣೆಯ ಎಂಟನೆಯ ಅಡ್ಡರಸ್ತೆ ಮತ್ತು ಸಂಪಿಗೆ ರಸ್ತೆಗಳು ಹೂವು, ಹಣ್ಣು, ಕಾಯಿಪಲ್ಯಗಳ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾಗಿವೆ. ಬಸವನಗುಡಿಗೆ ಗಾಂಧಿಬಜಾರ್ ಹೇಗೋ ಮಲ್ಲೇಶ್ವರಂಗೆ ಈ ರಸ್ತೆಗಳು ಹಾಗೆ. ಇಲ್ಲಿ ಮಾರಾಟವಾಗುವ ಅವರೆಕಾಯಿ, ಹುರುಳಿಕಾಯಿ, ಟೊಮೆಟೊ, ಕೋಸು ಮತ್ತು ಬಗೆಬಗೆಯ ಸೊಪ್ಪುಗಳಲ್ಲಿ ಹೆಚ್ಚಿನವು ಮಾಗಡಿ, ದೇವನಹಳ್ಳಿ, ಹೊಸಕೋಟೆ, ಚಿಕ್ಕಬಳ್ಳಾಪುರ, ಮಾಲೂರು, ಕೋಲಾರ ಮೊದಲಾದ ತಾಲ್ಲೂಕುಗಳ ಸಣ್ಣ ಹಿಡುವಳಿಗಳಿಂದ ಬರುತ್ತವೆ. ತರಕಾರಿಯ ಬೆಲೆ ಏರಿದಾಗ ಪತ್ರಿಕೆಗಳಲ್ಲಿಯೂ ಮನೆಗಳಲ್ಲಿಯೂ ಚರ್ಚೆ ನಡೆಯುತ್ತದೆ. ಆದರೆ ಕೊಳ್ಳುವವರು ಹೆಚ್ಚು ಬೆಲೆ ತೆತ್ತ ವರ್ಷಗಳಲ್ಲಿಯೂ ಬೆಳೆದವರ ಕೈಯಲ್ಲಿ ಹಣ ಏಕೆ ನಿಲ್ಲುವುದಿಲ್ಲವೆಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಬೆಂಗಳೂರಿನ ಸುತ್ತಲಿನ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುತ್ತದೆ. ತರಕಾರಿ ಬೆಳೆಗಾರನ ಬಡತನಕ್ಕೆ ಇಳುವರಿಯ ಕೊರತೆಯಾಗಲಿ ಶ್ರಮದ ಕೊರತೆಯಾಗಲಿ ಮುಖ್ಯ ಕಾರಣವಲ್ಲ. ಒಳ್ಳೆಯ ಬೆಲೆ ಬರುವವರೆಗೆ ಕಾಯುವ ಶಕ್ತಿ ಅವನಿಗೆ ಇಲ್ಲದಿರುವುದೇ ಮುಖ್ಯ ಕಾರಣ ಎಂಬುದು ಇಲ್ಲಿನ ಪ್ರತಿಪಾದನೆ. ಕಿತ್ತ ಬೆಳೆ ಕಾಯುವುದಿಲ್ಲ, ಪಡೆದ ಸಾಲ ಕಾಯುವುದಿಲ್ಲ, ಕೊಳವೆಬಾವಿಯ ನೀರೂ ಕಾಯುವುದಿಲ್ಲ. ಈ ಮೂರು ಅವಸರಗಳ ನಡುವೆ ಸಿಲುಕಿದ ಕುಟುಂಬದ ಸ್ಥಿತಿಯನ್ನು ಅರಿಯದೆ ತರಕಾರಿ ಕೃಷಿಯನ್ನು ಬಡತನಕ್ಕೆ ಮದ್ದೆಂದು ಸೂಚಿಸುವುದು ಅಪೂರ್ಣವಾಗುತ್ತದೆ.

ಚಾರಿತ್ರಿಕ ಹಿನ್ನೆಲೆ

ಇಂದಿನ ಮಲ್ಲೇಶ್ವರಂ ಇರುವ ನೆಲ ಒಂದು ಕಾಲಕ್ಕೆ ಹಳ್ಳಿಯೇ ಆಗಿತ್ತು. ಕಾಡುಮಲ್ಲೇಶ್ವರ ದೇವಾಲಯಕ್ಕೆ ಸಂಬಂಧಿಸಿದ 1669ರ ಶಾಸನವು ಈ ಸ್ಥಳವನ್ನು ಮಲ್ಲಪುರವೆಂದು ಕರೆದು, ಶಿವಾಜಿಯ ಮಲಸಹೋದರ ಏಕೋಜಿ ದೇವಾಲಯಕ್ಕೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ನೀಡಿದುದನ್ನು ತಿಳಿಸುತ್ತದೆ. 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. 1898ರಲ್ಲಿ ಪ್ಲೇಗು ಹಳೆಯ ಪೇಟೆಯನ್ನು ಕಾಡಿದ ಕಾಲದಲ್ಲಿ ಮಲ್ಲೇಶ್ವರಂ ಮತ್ತು ಬಸವನಗುಡಿಗಳು ಗಾಳಿ ಬೆಳಕುಗಳಿಗೆ ಅವಕಾಶವಿರುವ ಹೊಸ ಬಡಾವಣೆಗಳಾಗಿ ಬೆಳೆದವು. ಹೀಗೆ ಹೊಲ ತೋಟಗಳ ನೆಲ ವಸತಿಯ ನೆಲವಾಯಿತು. ಆ ವಸತಿಗೆ ಬೇಕಾದ ಕಾಯಿಪಲ್ಯವನ್ನು ಒದಗಿಸುವ ಹೊಣೆ ಇನ್ನೂ ಹೊರಗಿನ ಹಳ್ಳಿಗಳಿಗೆ ಸರಿಯಿತು. 1901ರ ಜನಗಣತಿಯಲ್ಲಿ ಬೆಂಗಳೂರು ನಗರ ಮತ್ತು ದಂಡುಪ್ರದೇಶಗಳ ಒಟ್ಟು ಜನಸಂಖ್ಯೆ ಸುಮಾರು 1.59 ಲಕ್ಷ. 2011ರ ಜನಗಣತಿಯ ವೇಳೆಗೆ ಮಹಾನಗರಪಾಲಿಕೆಯ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷವನ್ನು ದಾಟಿತ್ತು. ನಗರದ ಹಸಿವಿನೊಡನೆ ಅದಕ್ಕೆ ಉಣಿಸುವ ತೋಟಗಳ ಅಂಚೂ ದೂರ ಸರಿಯುತ್ತ ಹೋಯಿತು.

ಬೆಂಗಳೂರಿನ ತೋಟಗಾರಿಕೆಯ ಚರಿತ್ರೆಯಲ್ಲಿ ತಿಗಳ ಸಮುದಾಯದ ಪಾತ್ರ ಹಿರಿದು. ಕರಗದ ಆಚರಣೆಯಿಂದ ನಾಡಿಗೆಲ್ಲ ಪರಿಚಿತವಾಗಿರುವ ಈ ಸಮುದಾಯ ಪೇಟೆಯ ಸುತ್ತಲಿನ ಕೆರೆಗಳ ಆಸರೆಯಲ್ಲಿ ಹೂವು, ಸೊಪ್ಪು, ತರಕಾರಿಗಳನ್ನು ಬೆಳೆಯುವುದರಲ್ಲಿ ನಿಪುಣತೆ ಪಡೆದಿತ್ತು. ಸಣ್ಣ ಸಣ್ಣ ಮಡಿಗಳನ್ನು ಮಾಡಿ, ಬಾವಿ ಅಥವಾ ಕೆರೆಯ ನೀರನ್ನು ಏತ, ಕಪಿಲೆಗಳಿಂದ ಎತ್ತಿ ಹಾಯಿಸಿ, ಪೇಟೆಯಿಂದ ಬರುವ ಗೊಬ್ಬರವನ್ನು ಬಳಸಿ ವರ್ಷವಿಡೀ ಬೆಳೆ ತೆಗೆಯುವ ಪದ್ಧತಿ ಇದಾಗಿತ್ತು. ನಗರ ತನ್ನ ಕಸವನ್ನು ಗೊಬ್ಬರವಾಗಿ ಕೊಟ್ಟು ತರಕಾರಿಯನ್ನು ಪಡೆಯುತ್ತಿದ್ದ ಈ ಕೊಡುಕೊಳ್ಳುವಿಕೆ ಕೆರೆಗಳು ಬತ್ತಿ ಮೈದಾನಗಳೂ ನಿಲ್ದಾಣಗಳೂ ಆದ ಮೇಲೆ ಮುರಿಯಿತು. ಸಂಪಂಗಿ ಕೆರೆಯ ಅಂಗಳ ಕಂಠೀರವ ಕ್ರೀಡಾಂಗಣವಾದುದು, ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೇಂದ್ರ ಬಸ್ ನಿಲ್ದಾಣ ಬಂದುದು ಇದರ ಕಣ್ಣಮುಂದಿನ ನಿದರ್ಶನಗಳು.

ಇನ್ನೊಂದು ಪರಂಪರೆ ಲಾಲ್‌ಬಾಗಿನದು. 1874ರಿಂದ 1908ರವರೆಗೆ ಅದರ ಅಧೀಕ್ಷಕರಾಗಿದ್ದ ಜಾನ್ ಕ್ಯಾಮರಾನ್ ಅನೇಕ ಹೊರನಾಡಿನ ಸಸ್ಯಗಳನ್ನು ಇಲ್ಲಿಗೆ ತರಿಸಿ ಬೆಳೆಸಿದರು. ಸೀಮೆಬದನೆಯಂಥ ತರಕಾರಿ ಇಲ್ಲಿನ ತಂಪು ಹವೆಗೆ ಎಷ್ಟು ಒಗ್ಗಿತೆಂದರೆ ನೆರೆಯ ತಮಿಳುನಾಡಿನಲ್ಲಿ ಅದನ್ನು ಬೆಂಗಳೂರಿನ ಬದನೆಯೆಂದೇ ಕರೆಯುತ್ತಾರೆ. ಕ್ಯಾರೆಟ್, ಬೀನ್ಸ್, ಎಲೆಕೋಸು, ಹೂಕೋಸು, ನವಿಲುಕೋಸುಗಳನ್ನು ಇಲ್ಲಿನ ಮನೆಗಳಲ್ಲಿ ಬಹುಕಾಲ ‘ಇಂಗ್ಲಿಷ್ ತರಕಾರಿ’ ಎಂದು ಬೇರೆಯಾಗಿ ಎಣಿಸುತ್ತಿದ್ದರು. ಶ್ರಾದ್ಧದ ಅಡುಗೆಗೆ ಇವು ಸಲ್ಲವೆಂದು ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿಗಳನ್ನೇ ತರುವ ರೂಢಿ ಮಲ್ಲೇಶ್ವರಂ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಇಂದಿಗೂ ಉಂಟು. ಹೀಗೆ ನಾಟಿ ತರಕಾರಿ ಮತ್ತು ಸೀಮೆ ತರಕಾರಿ ಎರಡಕ್ಕೂ ಬೇಡಿಕೆ ಇರುವ ದೊಡ್ಡ ಮಾರುಕಟ್ಟೆ ಸಣ್ಣ ರೈತನ ಮಗ್ಗುಲಿನಲ್ಲಿಯೇ ರೂಪುಗೊಂಡಿತು. ಹಾಗಿದ್ದರೂ ಅವನ ಬಡತನ ಹಿಂಗಲಿಲ್ಲ.

ರಾಗಿಯಿಂದ ತರಕಾರಿಗೆ

ಈ ಭಾಗದ ಮೂಲ ಬೆಳೆ ರಾಗಿ. ಮಳೆಯನ್ನು ನಂಬಿ ಬೆಳೆಯುವ, ಕಡಮೆ ಖರ್ಚಿನ, ಮನೆಯವರ ಹೊಟ್ಟೆಗೂ ದನಗಳ ಮೇವಿಗೂ ಒದಗುವ ಬೆಳೆ ಇದು. ರಾಗಿಗೆ ಇನ್ನೊಂದು ಗುಣವಿದೆ. ಅದು ಕೆಡದೆ ಬಹುಕಾಲ ಉಳಿಯುತ್ತದೆ. ನೆಲದೊಳಗೆ ತೋಡಿದ ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಟ್ಟು, ಬೇಕಾದಾಗ ತೆಗೆಯುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲೆಲ್ಲ ಇತ್ತು. ಬೆಲೆ ಇಲ್ಲದ ವರ್ಷ ರೈತ ಮಾರದೆ ಕಾಯಬಹುದಾಗಿತ್ತು. ಕೊನೆಗೆ ಮಾರಲಾಗದಿದ್ದರೆ ಉಣ್ಣಬಹುದಾಗಿತ್ತು.

ಆದರೆ ರಾಗಿಯಿಂದ ಕೈಗೆ ಹಣ ಬರುವುದು ಕಡಮೆ. ಮಕ್ಕಳ ಶಾಲೆ, ಔಷಧ, ಮದುವೆ, ವಿದ್ಯುತ್ತು ಎಲ್ಲಕ್ಕೂ ರೊಕ್ಕವೇ ಬೇಕಾದ ಕಾಲದಲ್ಲಿ ಒಂದೆರಡು ಎಕರೆಯ ಕುಟುಂಬಕ್ಕೆ ತರಕಾರಿ ಸಹಜವಾಗಿಯೇ ಆಕರ್ಷಕವಾಗುತ್ತದೆ. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಹಿಡುವಳಿಯ ಸರಾಸರಿ ವಿಸ್ತೀರ್ಣ 1.08 ಹೆಕ್ಟೇರ್, ಶೇ. 86ಕ್ಕೂ ಮಿಕ್ಕ ಹಿಡುವಳಿಗಳು ಸಣ್ಣ ಮತ್ತು ಅತಿಸಣ್ಣ ವರ್ಗಕ್ಕೆ ಸೇರಿದವು. ಇಷ್ಟು ಚಿಕ್ಕ ನೆಲದಿಂದ ಹೆಚ್ಚು ಆದಾಯ ಪಡೆಯಬೇಕಾದರೆ ಶ್ರಮ ಹೆಚ್ಚು ಬೇಡುವ, ಬೇಗ ಫಸಲು ಕೊಡುವ ಬೆಳೆ ಬೇಕು. ಮೆಂತ್ಯ ಒಂದು ತಿಂಗಳೊಳಗೆ, ಕೊತ್ತಂಬರಿ ಸುಮಾರು 40 ದಿನಗಳಲ್ಲಿ ಕೀಳಲು ಬರುತ್ತವೆ. ಹುರುಳಿಕಾಯಿ ಎರಡು ತಿಂಗಳೊಳಗೆ, ಟೊಮೆಟೊ ನಾಟಿಯಾದ 60-70 ದಿನಗಳಿಗೆ ಕೊಯ್ಲಿಗೆ ಸಿದ್ಧ. ಒಂದೇ ನೆಲದಲ್ಲಿ ವರ್ಷಕ್ಕೆ ಹಲವು ಬೆಳೆ, ವಾರಕ್ಕೊಮ್ಮೆಯಾದರೂ ಕೈಯಲ್ಲಿ ಹಣ ಎಂಬುದು ಸಣ್ಣ ಪ್ರಯೋಜನವಲ್ಲ.

ವಿಜ್ಞಾನವೂ ಈ ಬದಲಾವಣೆಗೆ ನೆರವಾಯಿತು. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ’ ಹೆಸರಿನ ಅನೇಕ ತಳಿಗಳನ್ನು ನೀಡಿದೆ. ಅವುಗಳಲ್ಲಿ ಅರ್ಕಾ ರಕ್ಷಕ್ ಎಂಬ ಟೊಮೆಟೊ ಎಲೆಮುದುಡು ನಂಜುರೋಗ, ದುಂಡಾಣು ಸೊರಗುರೋಗ ಮತ್ತು ಎಲೆ ಅಂಗಮಾರಿ ಈ ಮೂರನ್ನೂ ತಾಳಿಕೊಳ್ಳುವಂಥದು. ಖಾಸಗಿ ವಲಯದಲ್ಲಿ ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬೀಜೋದ್ಯಮ ಸಂಕರಣ ತರಕಾರಿ ಬೀಜಗಳನ್ನು ದೇಶಕ್ಕೆ ಪರಿಚಯಿಸಿತು. ಇಳುವರಿ ಹೆಚ್ಚಿದುದು ನಿಜ. ಅದರೊಡನೆ ಬೆಳೆಯ ಸ್ವರೂಪವೂ ಬದಲಾಯಿತು. ಮನೆಯಲ್ಲಿ ಉಳಿಸಿಕೊಂಡ ಬೀಜದ ಬದಲು ಪ್ರತಿ ಸಲವೂ ಕೊಳ್ಳುವ ಸಂಕರಣ ಬೀಜ ಅಥವಾ ಸಸಿ, ಕೊಟ್ಟಿಗೆ ಗೊಬ್ಬರದ ಜೊತೆಗೆ ರಾಸಾಯನಿಕ ಗೊಬ್ಬರ, ಬಿಳಿನೊಣ ಮತ್ತು ಕಾಯಿಕೊರಕಗಳಿಗೆ ಔಷಧ, ಗಿಡಕ್ಕೆ ಆಸರೆ ಕೋಲು ಮತ್ತು ದಾರ, ಹನಿ ನೀರಾವರಿಯ ಕೊಳವೆ, ಹೊದಿಕೆಯ ಪ್ಲಾಸ್ಟಿಕ್ ಹಾಳೆ ಇವೆಲ್ಲವೂ ಬೆಳೆ ಕೈಗೆ ಬರುವ ಮುಂಚೆಯೇ ಹಣವನ್ನು ಬೇಡುತ್ತವೆ. ರಾಗಿ ಬೆಳೆ ಕೆಟ್ಟರೆ ರೈತನಿಗೆ ಮುಖ್ಯವಾಗಿ ದುಡಿಮೆಯ ನಷ್ಟ. ಟೊಮೆಟೊ ಕೆಟ್ಟರೆ ಸಾಲದ ಹೊರೆ. ಈ ವ್ಯತ್ಯಾಸ ಗಮನಾರ್ಹ.

ಬೆಲೆ ಕುಸಿದಾಗ ಆಗುವುದೇನು

ತರಕಾರಿಯ ಬೆಲೆ ಅರ್ಧಕ್ಕೆ ಇಳಿದರೆ ಬೆಳೆಗಾರನ ಆದಾಯವೂ ಅರ್ಧಕ್ಕೆ ಇಳಿಯುತ್ತದೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವ ಇದಕ್ಕಿಂತ ಕಠಿಣ. ಲೆಕ್ಕದ ಅನುಕೂಲಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ 15 ಕಿಲೋಗ್ರಾಂ ತೂಕದ ಬಾಕ್ಸುಗಳಲ್ಲಿ ಹರಾಜಾಗುತ್ತದೆ. ಒಂದು ಬಾಕ್ಸಿಗೆ ಕೀಳುವ ಕೂಲಿ, ಸಾಗಣೆ, ಇಳಿಸುವ ಹಮಾಲಿ ಎಲ್ಲ ಸೇರಿ 50 ರೂಪಾಯಿ ಎಂದೂ ಮಂಡಿಯ ಕಮಿಷನ್ ಶೇ. 10 ಎಂದೂ ಭಾವಿಸೋಣ. ಬಾಕ್ಸಿಗೆ 300 ರೂಪಾಯಿ ಸಿಕ್ಕಿದರೆ 50 ಮತ್ತು 30 ಕಳೆದು ರೈತನಿಗೆ ಉಳಿಯುವುದು 220. ಬೆಲೆ 150ಕ್ಕೆ ಇಳಿದರೆ 50 ಮತ್ತು 15 ಕಳೆದು ಉಳಿಯುವುದು 85. ಬೆಲೆ ಶೇ. 50ರಷ್ಟು ಕುಸಿದಾಗ ರೈತನ ಪಾಲು ಶೇ. 60ಕ್ಕೂ ಹೆಚ್ಚು ಕುಸಿಯಿತು. ಬೆಲೆ 55 ರೂಪಾಯಿಯ ಆಸುಪಾಸಿಗೆ ಬಂದರೆ ಕಿತ್ತು ಸಾಗಿಸಿದ ಶ್ರಮಕ್ಕೆ ಏನೂ ಉಳಿಯದು. ಬೀಜ, ಗೊಬ್ಬರ, ಔಷಧಗಳಿಗೆ ಮಾಡಿದ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲವೆಂಬುದನ್ನು ಮರೆಯಬಾರದು.

ಟೊಮೆಟೊವನ್ನು ರಸ್ತೆಗೆ ಸುರಿದರೆಂದೂ ಫಸಲಿರುವ ಹೊಲಕ್ಕೆ ಕುರಿ ಬಿಟ್ಟರೆಂದೂ ಬರುವ ಸುದ್ದಿಗಳು ನಗರದ ಓದುಗರಿಗೆ ಆವೇಶದ ವರ್ತನೆಯಾಗಿ ಕಾಣುತ್ತವೆ. ಮೇಲಿನ ಲೆಕ್ಕವನ್ನು ನೋಡಿದರೆ ಅದು ಆವೇಶವಲ್ಲ, ಇನ್ನಷ್ಟು ನಷ್ಟವನ್ನು ತಪ್ಪಿಸಿಕೊಳ್ಳುವ ವಿವೇಕವೆಂಬುದು ತಿಳಿಯುತ್ತದೆ. ಕೀಳದೆ ಬಿಟ್ಟರೆ ಹಾಕಿದ್ದು ಮಾತ್ರ ಹೋಗುತ್ತದೆ, ಕಿತ್ತರೆ ಕೂಲಿಯ ಹಣವೂ ಹೋಗುತ್ತದೆ.

ಇಂಥ ಏರಿಳಿತಕ್ಕೆ ಹವಾಮಾನವೊಂದೇ ಕಾರಣವಲ್ಲ. ಇಂದಿನ ಬೆಲೆಯನ್ನು ನೋಡಿ ರೈತರು ನಾಟಿ ಮಾಡುತ್ತಾರೆ, ಅವರೆಲ್ಲರ ಫಸಲೂ ಎರಡು ತಿಂಗಳ ಅನಂತರ ಒಟ್ಟಿಗೆ ಮಾರುಕಟ್ಟೆಗೆ ಬರುತ್ತದೆ, ಬೆಲೆ ಬೀಳುತ್ತದೆ. ಬಿದ್ದ ಬೆಲೆಯನ್ನು ಕಂಡು ಹಲವರು ಬೆಳೆ ಬಿಡುತ್ತಾರೆ, ಮುಂದಿನ ಸುತ್ತಿನಲ್ಲಿ ಕೊರತೆ ತಲೆದೋರಿ ಬೆಲೆ ಏರುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರಬಲೆಯ ಸಿದ್ಧಾಂತವೆಂದು ಹೆಸರು. 1934ರಲ್ಲಿ ನಿಕೊಲಸ್ ಕಾಲ್ಡರ್ ಈ ಹೆಸರನ್ನು ಕೊಟ್ಟರು. 2023ರ ಜುಲೈಯಲ್ಲಿ ಕೋಲಾರದಲ್ಲಿ ಒಂದು ಬಾಕ್ಸ್ ಟೊಮೆಟೊ 2,000 ರೂಪಾಯಿಗೂ ಮೇಲೆ ಮಾರಾಟವಾಯಿತು. ತೋಟಗಳಿಗೆ ರಾತ್ರಿ ಕಾವಲು ಹಾಕಿದ ಸುದ್ದಿಗಳೂ ಬಂದವು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಕಿಲೋಗ್ರಾಂ ಒಂದಕ್ಕೆ ಕೆಲವೇ ರೂಪಾಯಿ ಎಂಬಲ್ಲಿಗೆ ಬೆಲೆ ಇಳಿದಿತ್ತು. ಜುಲೈಯಲ್ಲಿ ಲಾಭ ಮಾಡಿದವರು ಆಗ ಕೈಯಲ್ಲಿ ಫಸಲಿದ್ದ ಕೆಲವರು. ಆ ಲಾಭವನ್ನು ಕಂಡು ಸಾಲ ಮಾಡಿ ನಾಟಿ ಮಾಡಿದವರು ಅನೇಕರು. ಏರಿಳಿತದ ಸರಾಸರಿಯನ್ನು ತೆಗೆದರೆ ಬೆಲೆ ಸಮಾಧಾನಕರವಾಗಿಯೇ ಕಾಣಬಹುದು. ಆದರೆ ಕುಟುಂಬ ಬದುಕುವುದು ಸರಾಸರಿಯ ಮೇಲಲ್ಲ. ಒಂದು ಕೆಟ್ಟ ಸುತ್ತನ್ನು ದಾಟಲಾರದವನಿಗೆ ಮುಂದಿನ ಒಳ್ಳೆಯ ಸುತ್ತು ಒದಗುವುದೇ ಇಲ್ಲ.

ಮಂಡಿ, ಮುಂಗಡ ಮತ್ತು ಪಾಲು

ಮೇಲೆ ಹೇಳಿದ ಮುಂಗಡ ವೆಚ್ಚಕ್ಕೆ ಹಣ ಎಲ್ಲಿಂದ ಬರುತ್ತದೆ? ಸಹಕಾರ ಸಂಘ ಮತ್ತು ಬ್ಯಾಂಕುಗಳ ಬೆಳೆಸಾಲ ಉಂಟು. ಆದರೆ ತರಕಾರಿಗೆ ಹಣ ಬೇಕಾಗುವುದು ಇಂಥ ವಾರವೇ, ಇಂಥ ದಿನವೇ. ಎಲೆಗೆ ರೋಗ ಕಾಣಿಸಿಕೊಂಡ ಬೆಳಗ್ಗೆ ಔಷಧ ತರಬೇಕಾದವನಿಗೆ ಕಾಗದಪತ್ರಗಳ ದಾರಿ ದೂರ. ಪಹಣಿ ತಂದೆಯ ಅಥವಾ ಅಣ್ಣನ ಹೆಸರಿನಲ್ಲಿದ್ದು, ಗುತ್ತಿಗೆಗೆ ಅಥವಾ ವಾರಕ್ಕೆ ಭೂಮಿ ಮಾಡುವವನಿಗೆ ಆ ದಾರಿಯೇ ಇಲ್ಲ. ಆದುದರಿಂದ ಅವನು ಗೊಬ್ಬರದ ಅಂಗಡಿಯ ಉದ್ದರಿಯನ್ನೂ ಮಂಡಿಯ ಮುಂಗಡವನ್ನೂ ಆಶ್ರಯಿಸುತ್ತಾನೆ. ಮಂಡಿಯವರು ಬಡ್ಡಿ ಕೇಳದೆ ಕೊಡುವುದೂ ಉಂಟು. ಆದರೆ ಬೆಳೆಯನ್ನು ಅದೇ ಮಂಡಿಗೆ ಹಾಕಬೇಕು. ಬೇರೆಡೆ ಒಳ್ಳೆಯ ಬೆಲೆ ಇದೆಯೆಂದು ತಿಳಿದರೂ ಹೋಗುವಂತಿಲ್ಲ. ಸಾಲದ ಬಡ್ಡಿ ಇಲ್ಲಿ ಸ್ವಾತಂತ್ರ್ಯದ ರೂಪದಲ್ಲಿ ಸಂದಾಯವಾಗುತ್ತದೆ.

ಮಂಡಿಯವರನ್ನು ಕೇವಲ ಶೋಷಕರೆಂದು ಚಿತ್ರಿಸುವುದೂ ಸರಿಯಲ್ಲ. ಅವರು ರೈತನಿಗೆ ಸಾಲ ಕೊಡುತ್ತಾರೆ, ಚಿಲ್ಲರೆ ವ್ಯಾಪಾರಿಗೆ ಉದ್ದರಿ ಕೊಡುತ್ತಾರೆ, ಕೊಳೆಯುವ ಸರಕನ್ನು ಗಂಟೆಗಳೊಳಗೆ ವಿಲೇವಾರಿ ಮಾಡುತ್ತಾರೆ. ಬೇರೆ ಯಾವ ಸಂಸ್ಥೆಯೂ ಈ ಮೂರನ್ನು ಒಟ್ಟಿಗೆ ಮಾಡದಿರುವುದರಿಂದಲೇ ಅವರ ಸ್ಥಾನ ಭದ್ರವಾಗಿದೆ. ಕರ್ನಾಟಕದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮ ಬಹಿರಂಗ ಹರಾಜು, ಸರಿಯಾದ ತೂಕ, ಮಾರಾಟದ ರಸೀದಿಗಳನ್ನು ಕಡ್ಡಾಯ ಮಾಡುವ ಉದ್ದೇಶದಿಂದ ಬಂತು. ಹಾಗಿದ್ದರೂ ಮಾರುವ ರೈತನಿಂದಲೇ ಕಮಿಷನ್ ಹಿಡಿಯುವುದು, ಅಧಿಕೃತ ರಸೀದಿಯ ಬದಲು ಬಿಳಿಚೀಟಿ ಕೊಡುವುದು ಮುಂತಾದ ದೂರುಗಳು ತರಕಾರಿ ಮಾರುಕಟ್ಟೆಗಳಿಂದ ಮತ್ತೆ ಮತ್ತೆ ಕೇಳಿಬಂದಿವೆ. ಮುಂಗಡ ಪಡೆದವನು ಬಿಳಿಚೀಟಿಯನ್ನು ಪ್ರಶ್ನಿಸಲಾರ. ಕಾನೂನು ಇದ್ದರೂ ಅದನ್ನು ಬಳಸುವ ಶಕ್ತಿ ಸಾಲಗಾರನಿಗಿಲ್ಲ ಎಂಬುದು ಇಲ್ಲಿನ ತಿರುಳು.

ಕಲಾಸಿಪಾಳ್ಯದ ಸಗಟು ಮಾರುಕಟ್ಟೆಯಿಂದ ಮಲ್ಲೇಶ್ವರಂನ ಪಾದಚಾರಿ ಮಾರ್ಗದವರೆಗೆ ಸರಕು ಬರುವಾಗ ಸಾಗಣೆ, ವಿಂಗಡಣೆ, ಬಾಡಿ ಕೊಳೆತು ಹೋಗುವ ಭಾಗ, ಚಿಲ್ಲರೆ ವ್ಯಾಪಾರಿಯ ಜೀವನೋಪಾಯ ಇವೆಲ್ಲ ಬೆಲೆಗೆ ಸೇರುತ್ತವೆ. ರಿಸರ್ವ್ ಬ್ಯಾಂಕು 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಬಳಕೆದಾರ ಕೊಡುವ ಒಂದು ರೂಪಾಯಿಯಲ್ಲಿ ಬೆಳೆಗಾರನಿಗೆ ಸೇರುವುದು ಟೊಮೆಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36 ಪೈಸೆ, ಆಲೂಗಡ್ಡೆಯಲ್ಲಿ 37 ಪೈಸೆ. ಉಳಿದ ಭಾಗವನ್ನೆಲ್ಲ ರಸ್ತೆ ಬದಿಯ ವ್ಯಾಪಾರಿ ಪಡೆಯುತ್ತಾನೆಂದು ತಿಳಿಯಬಾರದು. ಸೊಪ್ಪಿನ ಕಟ್ಟುಗಳನ್ನು ಮುಂದಿಟ್ಟುಕೊಂಡು ಬಿಸಿಲಿನಲ್ಲಿ ಕುಳಿತ ಹೆಂಗಸು ಸಂಜೆಯೊಳಗೆ ಮಾರಲೇಬೇಕು, ಇಲ್ಲವೇ ಬಾಡಿದ ಸೊಪ್ಪನ್ನು ಬಿಸಾಡಬೇಕು. ಕಾಯಲಾಗದ ಕಷ್ಟ ಸರಪಳಿಯ ಎರಡು ತುದಿಗಳಲ್ಲಿಯೂ ಇದೆ.

ಗ್ರಾಮೀಣ ಆದಾಯದ ಒಟ್ಟು ಚಿತ್ರವೂ ಇದನ್ನೇ ಹೇಳುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೆಯ ಸುತ್ತು 2018-19ರ ಕೃಷಿ ವರ್ಷಕ್ಕೆ ಸಂಬಂಧಿಸಿದ್ದು. ಅದರಂತೆ ಭಾರತದ ಕೃಷಿಕ ಕುಟುಂಬದ ಸರಾಸರಿ ಮಾಸಿಕ ಆದಾಯ 10,218 ರೂಪಾಯಿ. ಇದರಲ್ಲಿ ಬೆಳೆಯಿಂದ ಬಂದುದು 3,798, ಕೂಲಿ ಮತ್ತು ಸಂಬಳದಿಂದ ಬಂದುದು 4,063, ಪಶುಪಾಲನೆಯಿಂದ 1,582. ಅಂದರೆ ರೈತನೆನಿಸಿಕೊಂಡವನಿಗೆ ಬೆಳೆಗಿಂತ ಕೂಲಿಯೇ ಹೆಚ್ಚು ಆಧಾರ. ಅದೇ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಸಾಲದಲ್ಲಿದ್ದುದು ಕಂಡುಬಂದಿತು. ತರಕಾರಿಯ ಮಡಿಗಳಲ್ಲಿ ಕಳೆ ಕೀಳುವುದು, ಕಾಯಿ ಬಿಡಿಸುವುದು, ವಿಂಗಡಿಸುವುದು, ಸೊಪ್ಪು ಕಟ್ಟುವುದು ಬಹುಪಾಲು ಹೆಂಗಸರ ಕೆಲಸ. ಸ್ವಂತ ಹೊಲದಲ್ಲಿ ಮಾಡಿದ ಈ ದುಡಿಮೆಗೆ ಕೂಲಿ ಲೆಕ್ಕ ಹಾಕಿದರೆ ಲಾಭವೆಂದು ತೋರುವ ಎಷ್ಟೋ ಬೆಳೆಗಳು ನಷ್ಟದ ಪಟ್ಟಿಗೆ ಸೇರುತ್ತವೆ.

ನೀರಿನ ಪ್ರಶ್ನೆ

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳ ಸರಣಿಯೇ ಇಲ್ಲಿನ ಹಿಂದಿನ ನೀರಾವರಿ. ಕೆರೆಗಳು ಹೂಳು ತುಂಬಿ, ತೆರೆದ ಬಾವಿಗಳು ಬತ್ತಿದಂತೆ ಕೊಳವೆಬಾವಿ ಬಂತು. ಕೋಲಾರ ಸೀಮೆಯಲ್ಲಿ ಸಾವಿರ ಅಡಿಗೂ ಆಳ ಕೊರೆಯುವುದು ಸಾಮಾನ್ಯವಾಯಿತು. ಕೊರೆದ ಬಾವಿಯಲ್ಲಿ ನೀರು ಸಿಗದಿದ್ದರೆ ಆ ಖರ್ಚು ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಅನೇಕ ಬೆಳೆಗಳು ಆ ಸಾಲಕ್ಕೆ ದುಡಿಯಬೇಕು. ತರಕಾರಿ ನೀರಿನ ವಿಷಯದಲ್ಲಿ ನಾಜೂಕಿನ ಬೆಳೆ. ಹೂ ಕಚ್ಚುವ ಸಮಯದಲ್ಲಿ ಒಂದು ವಾರ ನೀರು ತಪ್ಪಿದರೂ ಫಸಲು ಕೈಬಿಟ್ಟಂತೆ.

ಈ ಸಂದರ್ಭದಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಮಹತ್ವದ್ದು. 2018ರ ಜೂನ್‌ನಲ್ಲಿ ಈ ನೀರು ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ಕೆರೆಯಿಂದ ನೇರವಾಗಿ ನೀರೆತ್ತದೆ ಅಂತರ್ಜಲವನ್ನು ಮರುಪೂರಣ ಮಾಡುವುದು ಇದರ ಉದ್ದೇಶ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರು ಇದನ್ನು ಸ್ವಾಗತಿಸಿದರು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕೆಂದು ಇನ್ನು ಕೆಲವರು ಒತ್ತಾಯಿಸಿದರು. ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ. ಪೇಟೆಯ ಗೊಬ್ಬರ ತೋಟಕ್ಕೆ ಹೋಗುತ್ತಿದ್ದ ಹಳೆಯ ಕೊಡುಕೊಳ್ಳುವಿಕೆಯ ಹೊಸ ರೂಪವಿದು. ನಗರ ಕೊಡುವುದು ಶುದ್ಧವಾಗಿದ್ದರೆ ಮಾತ್ರ ಅದು ಪಡೆಯುವುದೂ ಶುದ್ಧವಾಗಿರಲು ಸಾಧ್ಯ.

ಸಹಕಾರದ ಪ್ರಯೋಗ

ಕಾಯಲಾಗದ ಬೆಳೆಗಾರನಿಗೆ ಸಂಸ್ಥೆಯೊಂದು ಆಸರೆಯಾಗಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. ತೋಟಗಾರಿಕೆಯ ಮಹಾಪುರುಷರಲ್ಲೊಬ್ಬರಾದ ಡಾ. ಎಂ.ಎಚ್. ಮರೀಗೌಡರ ಪ್ರೇರಣೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಆರಂಭವಾಯಿತು. ಅದು ಬೆಳೆದು ಎಲ್ಲ ಬಗೆಯ ಹಣ್ಣು ತರಕಾರಿಗಳನ್ನು ಒಳಗೊಂಡು ಇಂದು ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಸದಸ್ಯ ರೈತರಿಂದ ನೇರವಾಗಿ ಕೊಂಡು, ಸಗಟು ಮಾರುಕಟ್ಟೆಯ ಧಾರಣೆಯನ್ನು ನೋಡಿ ದಿನದಿನದ ಬೆಲೆ ಗೊತ್ತುಪಡಿಸಿ, ತನ್ನದೇ ಮಳಿಗೆಗಳಲ್ಲಿ ಮಾರುವುದು ಇದರ ಕ್ರಮ. ಸರಿಯಾದ ತೂಕ, ಕಮಿಷನ್ ಇಲ್ಲದ ಮಾರಾಟ, ಖಚಿತವಾದ ಪಾವತಿ ಇವು ರೈತನಿಗೆ ದೊರೆತ ಲಾಭಗಳು. ಬಡಾವಣೆಗಳ ಮೂಲೆಗಳಲ್ಲಿ ಕಾಣುವ ಅದರ ಮಳಿಗೆಗಳು ಮಲ್ಲೇಶ್ವರಂನಂಥ ಕಡೆ ಎರಡು ತಲೆಮಾರುಗಳ ಗೃಹಿಣಿಯರಿಗೆ ಬೆಲೆಯ ಅಳತೆಗೋಲಾಗಿದ್ದವು. ಪಕ್ಕದ ಅಂಗಡಿಯವನೂ ಅಲ್ಲಿನ ಬೆಲೆಫಲಕವನ್ನು ನೋಡಿಯೇ ಮಾತಾಡಬೇಕಾಗಿತ್ತು.

ಈ ಪ್ರಯೋಗಕ್ಕೆ ಮಿತಿಗಳೂ ಇವೆ. ಬೇಡಿಕೆಯಷ್ಟನ್ನು ಮಾತ್ರ ಸಂಘ ಕೊಳ್ಳಬಲ್ಲದು. ಫಸಲು ಉಕ್ಕಿಬಂದ ದಿನ ಮಿಕ್ಕದ್ದು ಮಂಡಿಗೇ ಹೋಗಬೇಕು. ಸಂಘ ಬೆಳೆಯನ್ನು ಕೊಂಡರೂ ಬಿತ್ತನೆಯ ಕಾಲದ ಮುಂಗಡವನ್ನು ಮಂಡಿಯಂತೆ ಕೊಡುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಬೃಹತ್ ಮಳಿಗೆಗಳ ಮತ್ತು ಮನೆಬಾಗಿಲಿಗೆ ತಲುಪಿಸುವ ಕಂಪೆನಿಗಳ ಪೈಪೋಟಿಯನ್ನೂ ಅದು ಎದುರಿಸಬೇಕಾಗಿದೆ.

ಇಲ್ಲಿ ಹಾಲಿನೊಡನೆ ಹೋಲಿಕೆ ಉಪಯುಕ್ತ. ಹಾಲು ತರಕಾರಿಗಿಂತಲೂ ಬೇಗ ಕೆಡುವ ವಸ್ತು. ಆದರೂ ಕೋಲಾರದ ಒಂದು ಹಸುವಿನ ಮನೆಗೆ ಹಾಲು ಸ್ಥಿರವಾದ ಆದಾಯವನ್ನು ಕೊಟ್ಟಿದೆ. 1970ರ ದಶಕದಿಂದ ರಾಜ್ಯದಲ್ಲಿ ಬೆಳೆದ ಹಾಲು ಉತ್ಪಾದಕರ ಸಹಕಾರ ಸಂಘಗಳು ದಿನಕ್ಕೆ ಎರಡು ಬಾರಿ ಊರಿನಲ್ಲಿಯೇ ಹಾಲನ್ನು ಅಳೆದು ಕೊಳ್ಳುತ್ತವೆ. ಬೆಲೆ ಮೊದಲೇ ಗೊತ್ತಿರುತ್ತದೆ. ಮಿಕ್ಕಿದ ಹಾಲು ಪುಡಿಯೂ ಬೆಣ್ಣೆಯೂ ಆಗುತ್ತದೆ. ತರಕಾರಿಯಲ್ಲಿ ಬಗೆಗಳು ಹಲವು, ಗುಣಮಟ್ಟವನ್ನು ಅಳೆಯುವುದು ಕಷ್ಟ, ಪುಡಿ ಮಾಡಿ ಇಡುವ ಅವಕಾಶ ಕಡಮೆ. ಈ ವ್ಯತ್ಯಾಸಗಳಿದ್ದರೂ ಹಾಲಿನ ಪಾಠ ಸ್ಪಷ್ಟವಾಗಿದೆ. ಕೆಡುವ ಗುಣವೇ ಬಡತನವನ್ನು ತರುವುದಿಲ್ಲ. ಕೆಡುವ ಗುಣದ ಅಪಾಯವನ್ನು ಒಬ್ಬನ ಮೇಲೆಯೇ ಹೊರಿಸಿದಾಗ ಬಡತನ ಬರುತ್ತದೆ.

ಅಪಾಯವನ್ನು ಹಂಚಿಕೊಳ್ಳುವ ಕ್ರಮಗಳು ಬೇರೆಡೆಯೂ ನಡೆದಿವೆ. 1999ರಲ್ಲಿ ಆಂಧ್ರಪ್ರದೇಶದಲ್ಲಿ ರೈತು ಬಜಾರುಗಳೂ ತಮಿಳುನಾಡಿನಲ್ಲಿ ಉಳವರ್ ಸಂದೈಗಳೂ ಆರಂಭವಾಗಿ ಬೆಳೆಗಾರ ನೇರವಾಗಿ ಮಾರುವ ದಾರಿ ತೆರೆಯಿತು. ಕೇರಳ ಸರ್ಕಾರ 2020ರ ನವೆಂಬರ್ 1ರಿಂದ 16 ಬಗೆಯ ಹಣ್ಣು ತರಕಾರಿ ಗೆಡ್ಡೆಗಳಿಗೆ ಉತ್ಪಾದನಾ ವೆಚ್ಚಕ್ಕಿಂತ ಶೇ. 20ರಷ್ಟು ಹೆಚ್ಚಿನ ಮೂಲಬೆಲೆಯನ್ನು ಗೊತ್ತುಮಾಡಿತು. ಜಪಾನ್ ದೇಶ 1966ರಲ್ಲಿಯೇ, ಅಂದರೆ ನಮ್ಮ ಮಾರುಕಟ್ಟೆ ಅಧಿನಿಯಮ ಬಂದ ವರ್ಷವೇ, ತರಕಾರಿಯ ಉತ್ಪಾದನೆ ಮತ್ತು ರವಾನೆಯನ್ನು ಸ್ಥಿರಗೊಳಿಸುವ ಕಾನೂನು ಮಾಡಿತು. ಮುಖ್ಯ ತರಕಾರಿಗಳ ಬೆಲೆ ಗೊತ್ತಾದ ಮಟ್ಟಕ್ಕಿಂತ ಕುಸಿದಾಗ ಸರ್ಕಾರಗಳೂ ಬೆಳೆಗಾರರೂ ಸೇರಿ ಕೂಡಿಸಿದ ನಿಧಿಯಿಂದ ನಷ್ಟದ ಒಂದು ಭಾಗವನ್ನು ತುಂಬಿಕೊಡುವುದು ಅದರ ಕ್ರಮ. ನಮ್ಮಲ್ಲಿ ರಾಗಿ, ಭತ್ತಗಳಿಗೆ ಕೇಂದ್ರದ ಬೆಂಬಲ ಬೆಲೆ ಉಂಟು, ತರಕಾರಿಗೆ ಇಲ್ಲ. ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆಯಾದರೂ ಬೆಲೆ ಕುಸಿದ ಮೇಲೆ ರಾಜ್ಯ ಕೋರಿ, ಕೇಂದ್ರ ಒಪ್ಪಿ, ಖರೀದಿ ಆರಂಭವಾಗಬೇಕು. ಅಷ್ಟರಲ್ಲಿ ಮೂರು ನಾಲ್ಕು ಕೊಯ್ಲುಗಳು ಕೊಳೆತಿರುತ್ತವೆ.

ನೆಲದ ಭವಿಷ್ಯ

ನಗರದ ಅಂಚಿನ ತರಕಾರಿ ಬೆಳೆಗಾರನಿಗೆ ಇನ್ನೊಂದು ಒತ್ತಡ ಭೂಮಿಯ ಬೆಲೆಯದು. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ದೇವನಹಳ್ಳಿ ತಾಲ್ಲೂಕಿನಲ್ಲಿ ಈ ಒತ್ತಡ ಹೆಚ್ಚಿತು. ಅಲ್ಲಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಕ್ರಮದ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ನಡೆಸಿದರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಬೆಂಗಳೂರಿಗೆ ತರಕಾರಿ, ಹೂವು, ದ್ರಾಕ್ಷಿಗಳನ್ನು ಕಳುಹಿಸುವ ಈ ಹಳ್ಳಿಗಳ ರೈತರು ಪರಿಹಾರದ ಹಣಕ್ಕಿಂತ ಸಾಗುವಳಿಯನ್ನೇ ಆರಿಸಿಕೊಂಡುದು ಚಿಂತನೆಗೆ ಅರ್ಹ. ತರಕಾರಿ ಕೃಷಿಯಲ್ಲಿ ಇಷ್ಟೆಲ್ಲ ಕಷ್ಟವಿದ್ದರೂ ಅದು ಅವರಿಗೆ ಬೇಡವಾದ ವೃತ್ತಿಯಲ್ಲ. ನೆಲವೂ ನೀರೂ ಇದ್ದರೆ ಅದು ಬದುಕನ್ನು ಕೊಡಬಲ್ಲದೆಂಬ ಅನುಭವ ಅವರದು.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಅಂಶಗಳು ಹೊರಪಡುತ್ತವೆ. ಸಣ್ಣ ಹಿಡುವಳಿಯ ಕುಟುಂಬಕ್ಕೆ ತರಕಾರಿ ಹಣ ತರುವ ಬೆಳೆ ನಿಜ; ಅದೇ ಬೆಳೆ ಒಂದು ಕೆಟ್ಟ ಸುತ್ತಿನಲ್ಲಿ ಹಲವು ವರ್ಷದ ಉಳಿತಾಯವನ್ನು ಕರಗಿಸಬಲ್ಲದು. ಕೇವಲ ಹೊಸ ತಳಿ, ಕೇವಲ ಸಾಲ, ಕೇವಲ ಮಾರುಕಟ್ಟೆಯ ಕಟ್ಟಡ ಇವುಗಳಲ್ಲಿ ಯಾವುದೊಂದರಿಂದಲೂ ಸಮಸ್ಯೆ ಪರಿಹಾರವಾಗದು. ಬೇಕಾದ ದಿನ ಸಿಗುವ ಸಣ್ಣ ಸಾಲ, ನಂಬಬಹುದಾದ ನೀರು, ಬೆಲೆ ಬಿದ್ದ ವಾರವೇ ಒದಗುವ ನೆರವು ಈ ಮೂರೂ ಒಟ್ಟಿಗೆ ಬಂದಾಗ ಮಾತ್ರ ಬೆಳೆಗಾರನಿಗೆ ಕಾಯುವ ಶಕ್ತಿ ಬರುತ್ತದೆ. ಹಿಂದೆ ಹಗೇವು ಆ ಶಕ್ತಿಯನ್ನು ರಾಗಿಯ ರೈತನಿಗೆ ಕೊಟ್ಟಿತ್ತು. ತರಕಾರಿಯನ್ನು ಹಗೇವಿನಲ್ಲಿ ಇಡಲು ಬರುವುದಿಲ್ಲ. ಆದುದರಿಂದ ಆ ಕೆಲಸವನ್ನು ಸಹಕಾರ ಸಂಘ, ಬೆಲೆ ಸ್ಥಿರೀಕರಣ ನಿಧಿ ಮೊದಲಾದ ಸಾರ್ವಜನಿಕ ಸಂಸ್ಥೆಗಳು ಮಾಡಬೇಕಾಗಿದೆ. ಅಗ್ಗದ ತರಕಾರಿಯ ಲಾಭವನ್ನು ಪಡೆಯುವ ನಗರಕ್ಕೂ ಅದರ ವೆಚ್ಚದಲ್ಲಿ ಪಾಲು ಸಲ್ಲುತ್ತದೆ.